ಹಳ್ಳ ಏರುವ ಮೊದಲು

ಬೆಳಿಗ್ಗೆ ಏಳೂವರೆಗೆ ದಾಟುವಾಗ ಆ ಹಳ್ಳದ ನೀರು ಮೀನಖಂಡ ಮುಟ್ಟಿರಲಿಲ್ಲ. ತಳದ ಹರಳುಕಲ್ಲುಗಳನ್ನು ಎಣಿಸಬಹುದಿತ್ತು. ದಾರಿ ತೋರಿಸಲು ಜೊತೆಗೆ ಬಂದಿದ್ದ ಆಗುಂಬೆ ಕಡೆಯ ಗೌಡರು ಎಲ್ಲರನ್ನೂ ದಾಟಿಸಿ, ತಾವು ಮಾತ್ರ ಬಗ್ಗಿ ಒಂದು ಮುಷ್ಟಿಗಾತ್ರದ ಬಿಳಿಕಲ್ಲನ್ನು ನೀರಿನ ಅಂಚಿಗೆ ಸರಿಯಾಗಿ ಇಟ್ಟರು. "ಎಂಥಕ್ಕೆ ಗೌಡ್ರೇ?" ಎಂದೆ. "ಗುರ್ತಿಗೆ. ಬರುವಾಗ ಬೇಕಾಗ್ತದೆ" ಎಂದರು.

ಹಸ್ತ ಮಳೆಯ ದಿನಗಳು. ಇಡೀ ದಿನ ನಮ್ಮ ತಲೆಯ ಮೇಲೆ ಒಂದು ಹನಿ ಬೀಳಲಿಲ್ಲ. ಮಧ್ಯಾಹ್ನ ಎರಡೂವರೆಗೆ ಅದೇ ಹಳ್ಳಕ್ಕೆ ವಾಪಸು ಬಂದಾಗ ಬಿಳಿಕಲ್ಲು ಕಾಣಲಿಲ್ಲ. ನೀರು ಹಾಲು ಕಡಿಮೆ ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಹಸಿ ಎಲೆ, ಪುರಲೆಕಡ್ಡಿ ತೇಲಿಬರುತ್ತಿದ್ದವು. ಬೆಳಿಗ್ಗೆ ಜುಳುಜುಳು ಎನ್ನುತ್ತಿದ್ದ ಸದ್ದು ಈಗ ಒಳಗೊಳಗೇ ಗುಡುಗಿದಂತಿತ್ತು. ತಳದಲ್ಲಿ ಕಲ್ಲುಗಳು ಉರುಳುತ್ತಿದ್ದವು. ನಮ್ಮಲ್ಲೊಬ್ಬ ಪ್ಯಾಂಟು ಮಡಚತೊಡಗಿದ. ಗೌಡರು ಅವನ ಭುಜ ಹಿಡಿದು ಕೂರಿಸಿದರು: "ಸುಮ್ನೆ ಕೂತ್ಕಳಿ ಮಾರಾಯ್ರೆ. ಮೇಲೆ ಎಲ್ಲೋ ಹೊಡ್ದಿದೆ. ಬಂದ ನೀರು ಹೋಗ್ಲಿ."

ಕೂತೆವು. ಎರಡು ಮುಕ್ಕಾಲು ಗಂಟೆ ಕೂತೆವು. ಐದೂಕಾಲಿಗೆ ಬಿಳಿಕಲ್ಲಿನ ನೆತ್ತಿ ಕಂಡಿತು. ಇನ್ನೂ ಸ್ವಲ್ಪ ಕಾದು, ಒಬ್ಬರ ಸೊಂಟ ಒಬ್ಬರು ಹಿಡಿದು ದಾಟಿದೆವು. ಆಮೇಲೆ ಕಾಡಿನೊಳಗೆ ಒಂದು ಗಂಟೆಗೂ ಮೀರಿದ ಕತ್ತಲ ನಡಿಗೆ. ಐದು ಜನರಲ್ಲಿ ಟಾರ್ಚು ತಂದಿದ್ದವನು ಒಬ್ಬನೇ.

ಮಳೆಕಾಡಿಗೆ ಹೊರಟವರು ಮೊದಲು ಕೇಳುವುದು ಹಾವಿನ ಬಗ್ಗೆ, ಆಮೇಲೆ ಇಂಬಳದ ಬಗ್ಗೆ. ಎರಡರ ಬಗ್ಗೆಯೂ ಮುಂದೆ ಹೇಳುತ್ತೇನೆ. ಆದರೆ ಈ ಕಾಡುಗಳಲ್ಲಿ ನಡೆದಷ್ಟೂ ನನಗೆ ಗಟ್ಟಿಯಾಗಿರುವ ನಂಬಿಕೆ ಬೇರೆ: ಇಲ್ಲಿ ಮನುಷ್ಯನನ್ನು ಕೆಡವುವುದು ಹೆಚ್ಚಾಗಿ ನೀರು ಮತ್ತು ಹೊತ್ತು. ಎರಡನ್ನೂ ಮನೆಯಲ್ಲಿ ಕೂತೇ ಮುಕ್ಕಾಲು ಪಾಲು ಲೆಕ್ಕ ಹಾಕಬಹುದು.

ನೀರಿನಿಂದ ಶುರುಮಾಡೋಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಒಂದು ಸಾವಿರದ ಆಸುಪಾಸು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಅದು ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4ನ್ನೂ ಮೀರಿದರೆ ಅತ್ಯಂತ ಭಾರಿ. ರೆಡ್ ಅಲರ್ಟ್ ಎಂಬ ಮಾತು ಸಾಮಾನ್ಯವಾಗಿ ಬರುವುದು ಈ ಕೊನೆಯ ಲೆಕ್ಕಕ್ಕೆ. ಅಂದರೆ ಬೆಂಗಳೂರಿನ ಒಂದು ವರ್ಷದ ಮಳೆಯ ಐದನೇ ಒಂದು ಪಾಲು ಒಂದೇ ಹಗಲು-ರಾತ್ರಿಯಲ್ಲಿ. ಈಗಾಗಲೇ ನೆನೆದು ನೆನೆದು ಹೊಟ್ಟೆ ತುಂಬಿಸಿಕೊಂಡ ಗುಡ್ಡದ ಮೇಲೆ ಅಷ್ಟು ಸುರಿದರೆ ನೆಲ ಒಂದು ಹನಿಯನ್ನೂ ಕುಡಿಯುವುದಿಲ್ಲ. ಎಲ್ಲವೂ ಹಳ್ಳಕ್ಕೇ ಬರುತ್ತದೆ, ಒಟ್ಟಿಗೇ ಬರುತ್ತದೆ.

ಹಳ್ಳ ಏರಲು ನಾವಿರುವಲ್ಲೇ ಮಳೆ ಬರಬೇಕೆಂದಿಲ್ಲ ಎಂಬುದನ್ನು ಬಯಲುಸೀಮೆಯಿಂದ ಬಂದ ನನ್ನಂಥವರಿಗೆ ಎಷ್ಟು ಸಲ ಹೇಳಿದರೂ ಕಡಿಮೆ. 2024ರ ಜೂನ್ 30ರಂದು ಲೋನಾವಳದ ಭೂಶಿ ಅಣೆಕಟ್ಟೆಯ ಬಳಿ ಹರಿವಿನ ನಡುವಿನ ಬಂಡೆಯ ಮೇಲೆ ನಿಂತಿದ್ದ ಒಂದೇ ಕುಟುಂಬದ ಐವರು ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಮಕ್ಕಳು. ಅವರು ನೀರಿಗೆ ಹಾರಿದವರಲ್ಲ, ಈಜಲು ಹೋದವರಲ್ಲ. ನಿಂತಿದ್ದ ಜಾಗಕ್ಕೆ ನೀರೇ ಬಂತು. ಅದರ ಹಿಂದಿನ ವರ್ಷದ ಜುಲೈಯಲ್ಲಿ ಕೊಲ್ಲೂರು ಬಳಿಯ ಅರಿಶಿನಗುಂಡಿ ಜಲಪಾತದ ಅಂಚಿನ ಬಂಡೆಯಿಂದ ಒಬ್ಬ ಯುವಕ ಜಾರಿ ಬಿದ್ದದ್ದನ್ನು ನಾಡೆಲ್ಲ ಮೊಬೈಲಿನಲ್ಲಿ ನೋಡಿತು. ಪಾಚಿಗಟ್ಟಿದ ಬಂಡೆ ಒಣಗಿದಂತೆ ಕಂಡರೂ ಒಣಗಿರುವುದಿಲ್ಲ. ಜಲಪಾತದ ತಲೆಯ ಮೇಲೆ ನಿಲ್ಲಲು ತಕ್ಕ ಜಾಗ ಎಂಬುದೇ ಇಲ್ಲ. ಪಕ್ಕದಿಂದ, ದೂರದಿಂದ ನೋಡಿದರೆ ಅದರ ಚೆಲುವಿಗೆ ಏನೂ ಕೊರತೆಯಾಗುವುದಿಲ್ಲ.

ಹಾಗಾಗಿ ಹೊರಡುವ ಹಿಂದಿನ ದಿನ ನಾವು ನೋಡಬೇಕಾದದ್ದು ಆ ಊರಿನ ಮಳೆ ಮುನ್ಸೂಚನೆಯನ್ನಷ್ಟೇ ಅಲ್ಲ, ಘಟ್ಟದ ಮೇಲಿನ ಇಡೀ ಜಿಲ್ಲೆಯದ್ದು. ನಮ್ಮ ದಾರಿ ಎಷ್ಟು ಹಳ್ಳ ದಾಟುತ್ತದೆ, ಎಲ್ಲಿ ಕಾಲುಸಂಕ ಇದೆ, ಎಲ್ಲಿ ಇಲ್ಲ ಎಂಬುದನ್ನು ಸ್ಥಳೀಯರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಬೇಕು. ನೀರು ಮೊಣಕಾಲು ದಾಟಿದ್ದು, ರಭಸವೂ ಇದ್ದರೆ ದಾಟುವ ಯೋಚನೆ ಬೇಡ. ಮಣ್ಣುಬಣ್ಣಕ್ಕೆ ತಿರುಗಿ ತಳ ಕಾಣದಿದ್ದರೆ ಆಳ ಎಷ್ಟೇ ಇರಲಿ, ಬೇಡ. ಘಟ್ಟದ ಹಳ್ಳಗಳು ಏರಿದಷ್ಟೇ ಬೇಗ ಇಳಿಯುವುದೂ ಉಂಟು. ಕಾಯುವ ತಾಳ್ಮೆಯೂ ಕಾಯಲು ಬೇಕಾದ ತಿಂಡಿಯೂ ಜೊತೆಗಿರಬೇಕು, ಅಷ್ಟೆ.

ಯಾವ ತಿಂಗಳು ಹೋಗುವುದು ಎಂಬುದೂ ಇದರೊಳಗೇ ಬರುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳ ಕಾಲದಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಎತ್ತರದ ಚಾರಣದ ಆಸೆ ಬಿಡುವುದೇ ಒಳ್ಳೆಯದು. ಅರಣ್ಯ ಇಲಾಖೆಯೂ ಹಲವು ದಾರಿಗಳನ್ನು ಆಗ ಮುಚ್ಚುತ್ತದೆ. ಆಗ ಮಲೆನಾಡಿಗೆ ಹೋಗಬಾರದೆಂದಲ್ಲ. ಒಂದು ಮನೆಯ ಜಗಲಿಯಲ್ಲಿ ಕೂತು, ಸೋನೆ ಹಿಡಿದ ಅಡಿಕೆ ತೋಟ ನೋಡುತ್ತ, ಬಿಸಿ ಕಷಾಯ ಕುಡಿಯುವ ಸುಖಕ್ಕೆ ಆ ತಿಂಗಳುಗಳೇ ಸರಿ. ನಡೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದು ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಆರಂಭದವರೆಗಿನ ಕಾಲ. ಶೋಲಾ ಕಾಡಿನ ಅಂಚಿನ ಹುಲ್ಲುಗಾವಲು ಇನ್ನೂ ಹಸಿರಾಗಿರುತ್ತದೆ, ಹಳ್ಳಗಳು ತಿಳಿಯಾಗಿರುತ್ತವೆ. ಆದರೆ ಅಕ್ಟೋಬರಿನ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲು ಕಟ್ಟುತ್ತದೆ. ಬೋಳುಗುಡ್ಡದ ನೆತ್ತಿಯ ಮೇಲೆ ನಾವೇ ಎಲ್ಲಕ್ಕಿಂತ ಎತ್ತರದ ವಸ್ತು ಎಂಬುದನ್ನು ನೆನಪಿಟ್ಟು ಮಧ್ಯಾಹ್ನಕ್ಕೆ ಮೊದಲೇ ಇಳಿಯತೊಡಗಬೇಕು. ಫೆಬ್ರುವರಿ ಕಳೆದರೆ ಬೆಂಕಿಯ ಕಾಲ. ಆಗಲೂ ದಾರಿಗಳು ಮುಚ್ಚುತ್ತವೆ.

ಇನ್ನು ಹೊತ್ತಿನ ಲೆಕ್ಕ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಸೂತ್ರ ಕೊಟ್ಟ: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದನ್ನು ನಮ್ಮ ಕುಮಾರ ಪರ್ವತಕ್ಕೆ ಹಚ್ಚಿ ನೋಡಿ. ಶಿಖರದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಹೆಚ್ಚುಕಡಿಮೆ 1,600 ಮೀಟರ್ ಏರಬೇಕು, ದಾರಿ ಸುಮಾರು 12 ಕಿಲೋಮೀಟರ್. ನಡಿಗೆಗೆ ಎರಡೂವರೆ ಗಂಟೆ, ಏರಿಕೆಗೆ ಎರಡು ಗಂಟೆ ನಲವತ್ತು ನಿಮಿಷ, ಒಟ್ಟು ಐದು ಗಂಟೆಗೆ ಸ್ವಲ್ಪ ಮೇಲೆ. ಇದು ಸ್ಕಾಟ್ಲೆಂಡಿನ ತಂಪಿನಲ್ಲಿ, ಗಟ್ಟಿ ಕಾಲಿನವನು, ನಿಲ್ಲದೆ ನಡೆದರೆ. ನಮ್ಮ ಕಾಡಿನಲ್ಲಿ ಬೇರುಗಳ ಮೆಟ್ಟಿಲು, ಜಾರುವ ಕಲ್ಲು, ಬೆನ್ನಿನ ಭಾರ ಎಲ್ಲ ಇವೆ. ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ದಣಿವು ಬೇಗ ಹತ್ತುತ್ತದೆ. ಹಾಗಾಗಿ ನಾನು ಆ ಲೆಕ್ಕಕ್ಕೆ ಯಾವಾಗಲೂ ಅರ್ಧ ಸೇರಿಸುತ್ತೇನೆ. ಏಳೂವರೆ ಗಂಟೆ ಏರಿಕೆಗೆ, ಇಳಿಯಲು ಐದು ಐದೂವರೆ. ಬೆಳಗಿನ ಆರಕ್ಕೆ ಹೊರಟರೂ ಒಂದೇ ದಿನದಲ್ಲಿ ಹೋಗಿಬರುವುದು ಕತ್ತಲೆಗೆ ತಾಗುತ್ತದೆ ಎಂಬುದು ಕಾಗದದ ಮೇಲೆಯೇ ಗೊತ್ತಾಯಿತಲ್ಲ.

ಅಲ್ಲಿಂದಲೇ ಇನ್ನೊಂದು ಗಂಟೆಯೂ ಹುಟ್ಟುತ್ತದೆ, ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಅದೇ ಮುಖ್ಯ: ಎಲ್ಲಿದ್ದರೂ ಹಿಂತಿರುಗುವ ಗಂಟೆ. ಅಕ್ಟೋಬರ್, ನವೆಂಬರಿನಲ್ಲಿ ಸೂರ್ಯ ಆರರ ಹೊತ್ತಿಗೆ ಮುಳುಗುತ್ತಾನೆ. ಕಾಡಿನ ಒಳಗೆ ಐದೂವರೆಗೇ ಕತ್ತಲು. ಇಳಿಯಲು ಐದು ಗಂಟೆ ಬೇಕೆಂದರೆ ಹನ್ನೆರಡಕ್ಕೆ ತಿರುಗಲೇಬೇಕು. ತುದಿಗೆ ಅರ್ಧ ಗಂಟೆಯ ದಾರಿ ಉಳಿದಿದ್ದರೂ ಸರಿ. ಆ ಗಂಟೆಯನ್ನು ಗುಡ್ಡದ ಮೇಲೆ ನಿಂತು ತೀರ್ಮಾನಿಸಲು ಆಗುವುದಿಲ್ಲ. ಅಲ್ಲಿ ತುದಿ ಕಣ್ಣೆದುರೇ ಇರುತ್ತದೆ, ಜೊತೆಯವರು ಹುರುಪಿನಲ್ಲಿರುತ್ತಾರೆ, ಇಷ್ಟು ದೂರ ಬಂದು ಎಂಬ ಮಾತು ಯಾರಾದರೂ ಆಡಿಯೇ ಆಡುತ್ತಾರೆ. ಮನೆಯಲ್ಲಿ, ಎಲ್ಲರೂ ಕೂತು, ಜೊತೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ನಡಿಗೆಗೆ ತಕ್ಕಂತೆ ಅದನ್ನು ನಿಗದಿ ಮಾಡಬೇಕು. ನಾನು ಎರಡು ಸಲ ತುದಿ ಕಾಣುತ್ತಿದ್ದಂತೆಯೇ ತಿರುಗಿದ್ದೇನೆ. ಒಂದು ಸಲ ಬೇಸರದಿಂದ ಕಣ್ಣಲ್ಲಿ ನೀರೇ ಬಂದಿತ್ತು. ಇಳಿದು ಗೇಟು ತಲುಪಿ ಹತ್ತು ನಿಮಿಷಕ್ಕೆ ಬಿದ್ದ ಮಳೆಯಲ್ಲಿ ಎದುರಿನ ಮರ ಕಾಣಲಿಲ್ಲ.

ಜನಸಂದಣಿಯೂ ಹೊತ್ತನ್ನು ತಿನ್ನುತ್ತದೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ನುಗ್ಗಿ, ಸಾಲಿನಲ್ಲಿ ನಿಂತ ಚಿತ್ರಗಳು ಹರಿದಾಡಿದ ಮೇಲೆ ಸರ್ಕಾರ ಚಾರಣಗಳನ್ನು ತಡೆಹಿಡಿದು, ಅರಣ್ಯ ವಿಹಾರ ಎಂಬ ಜಾಲತಾಣದ ಮೂಲಕ ಮುಂಗಡ ಕಾಯ್ದಿರಿಸುವ ಕ್ರಮ ತಂದಿತು. ದಾರಿಯೊಂದಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಹಾಕಿತು. ಇದನ್ನು ಕಿರಿಕಿರಿ ಎನ್ನುವವರಿದ್ದಾರೆ. ನನಗೆ ಇದು ಬೇಕಾಗಿದ್ದ ಕೆಲಸ. ಪುಷ್ಪಗಿರಿ, ಕುದುರೆಮುಖ, ಸೋಮೇಶ್ವರದಂಥ ಕಾಡುಗಳು 2012ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಅಷ್ಟು ಜನರ ಕಾಲ್ತುಳಿತ ಅವಕ್ಕೆ ತಡೆಯದು. ಇನ್ನೊಂದು ಕಾರಣವೂ ಇದೆ. ಗೇಟಿನ ಪುಸ್ತಕದಲ್ಲಿ ಹೆಸರಿದ್ದವನು ಸಂಜೆ ಇಳಿದು ಬರದಿದ್ದರೆ ಹುಡುಕುವವರು ಇರುತ್ತಾರೆ. ಹಿಂಬಾಗಿಲ ದಾರಿಯಿಂದ ಕದ್ದು ಹತ್ತಿದವನು ಕಾಡಿನಲ್ಲಿದ್ದಾನೆಂದು ಯಾರಿಗೂ ಗೊತ್ತಿರುವುದಿಲ್ಲ.

ದಾರಿ ತಪ್ಪುವುದು ಕಾಡಿನೊಳಗಿಗಿಂತ ಮೇಲಿನ ಹುಲ್ಲುಗಾವಲಿನಲ್ಲಿ ಹೆಚ್ಚು. ಮಂಜು ಕವಿದರೆ ಹತ್ತು ಮಾರು ಆಚೆ ಏನೂ ಕಾಣುವುದಿಲ್ಲ. ಕಾಟಿ, ಕಡವೆ ತುಳಿದ ಜಾಡುಗಳು ಮನುಷ್ಯರ ದಾರಿಯಂತೆಯೇ ತೋರುತ್ತವೆ. ಆಗ ಮಾಡಬೇಕಾದ ಮೊದಲ ಕೆಲಸ ನಿಲ್ಲುವುದು. ಎರಡನೆಯದು, ಗುರುತು ಸಿಕ್ಕುವ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ಮರಳುವುದು. ನೀರು ಹರಿದ ಕಡೆ ಊರು ಸಿಗುತ್ತದೆ ಎಂದು ಹಳ್ಳ ಹಿಡಿದು ಇಳಿಯುವವರಿದ್ದಾರೆ. ಬಯಲಿನಲ್ಲಿ ಆ ಮಾತು ನಿಜವಿರಬಹುದು. ಸಹ್ಯಾದ್ರಿಯ ಪಶ್ಚಿಮದ ಅಂಚಿನಲ್ಲಿ ಹಳ್ಳ ಊರಿಗೆ ಹೋಗುವ ಮುಂಚೆ ಪ್ರಪಾತಕ್ಕೆ ಹೋಗುತ್ತದೆ. ಸೀತಾನದಿ ಬರ್ಕಣದಲ್ಲಿ ಧುಮುಕುವುದು 250 ಮೀಟರಿಗೂ ಹೆಚ್ಚು ಆಳಕ್ಕೆ. ಹಳ್ಳ ಹಿಡಿದವನು ಮೊದಲು ಸಣ್ಣದೊಂದು ಬಂಡೆ ಜಾರಿ ಇಳಿಯುತ್ತಾನೆ, ವಾಪಸು ಹತ್ತಲಾಗುವುದಿಲ್ಲ. ಮುಂದಿನದು ಇನ್ನೂ ದೊಡ್ಡ ಬಂಡೆ. ದಾರಿ ಸಿಗದಿದ್ದರೆ ಇದ್ದಲ್ಲೇ ಗಾಳಿಗೆ ಮರೆಯಾಗಿ ಕೂತು ಸೀಟಿ ಊದಬೇಕು. ನಿಮಿಷಕ್ಕೆ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಇದು ಬೆಟ್ಟ ಹತ್ತುವವರ ನಡುವೆ ಬಹುಕಾಲದಿಂದ ಇರುವ ಆಪತ್ತಿನ ಸಂಕೇತ. ಕೂಗಿದರೆ ಗಂಟಲು ಹತ್ತು ನಿಮಿಷಕ್ಕೆ ಕಟ್ಟುತ್ತದೆ, ಹತ್ತು ರೂಪಾಯಿಯ ಸೀಟಿ ಇಡೀ ರಾತ್ರಿ ಕೂಗುತ್ತದೆ.

ಚೀಲದ ಮಾತಿಗೆ ಬಂದರೆ ಚಿಕ್ಕದಾಗಿ ಮುಗಿಸುತ್ತೇನೆ. ಒಬ್ಬೊಬ್ಬರಿಗೂ ಒಂದೊಂದು ಟಾರ್ಚು, ಮೊಬೈಲಿನ ಬೆಳಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಜೊತೆ ಒಣಬಟ್ಟೆ, ಪ್ಲಾಸ್ಟಿಕ್ ಕವರಿನಲ್ಲಿ ಗಂಟುಕಟ್ಟಿ. ಹತ್ತಿಯ ಬಟ್ಟೆ ಒದ್ದೆಯಾದರೆ ಆರುವುದಿಲ್ಲ. 1,700 ಮೀಟರ್ ಎತ್ತರದ ಗಾಳಿಗೆ ಒದ್ದೆ ಮೈ ಒಡ್ಡಿದರೆ ನಮ್ಮ ಈ ಬಿಸಿನಾಡಿನಲ್ಲೂ ಮೈಶಾಖ ಇಳಿದು ಕೈಕಾಲು ನಡುಗಿ, ಮಾತು ತೊದಲುವ ಸ್ಥಿತಿ ಬರುತ್ತದೆ. ಮಲೆನಾಡಿನವರು ಕಂಬಳಿಕೊಪ್ಪೆ ಹಾಕಿ ಗದ್ದೆಗಿಳಿಯುತ್ತಿದ್ದುದು ಸುಮ್ಮನೆ ಅಲ್ಲ, ಉಣ್ಣೆಬಟ್ಟೆ ನೆಂದರೂ ಮೈ ಬೆಚ್ಚಗಿಡುತ್ತದೆ. ನೀರು, ಉಪ್ಪು-ಸಕ್ಕರೆಯ ಒಆರ್‌ಎಸ್ ಪೊಟ್ಟಣ, ಒಂದು ಹೊತ್ತಿಗೆ ಹೆಚ್ಚಾಗುವಷ್ಟು ತಿಂಡಿ ಇರಲಿ. ಜಾಲ ಸಿಗದಿದ್ದರೂ ತೆರೆಯುವ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಇಂಬಳ. ಕೆಲವೆಡೆ ಉಂಬಳ ಎನ್ನುತ್ತಾರೆ. ಮೊದಲ ಸಲ ಕಂಡವರು ಕಿರುಚುತ್ತಾರೆ, ತಪ್ಪಲ್ಲ. ಒಮ್ಮೆ ಕೂತು ನೋಡಿ: ತರಗೆಲೆಯ ತುದಿಯಲ್ಲಿ ದಾರದಷ್ಟು ಸಣ್ಣಗೆ ನೆಟ್ಟಗೆ ನಿಂತು, ಮುಂಭಾಗವನ್ನು ಗಾಳಿಯಲ್ಲಿ ಆ ಕಡೆ ಈ ಕಡೆ ತೂಗುತ್ತಿರುತ್ತದೆ. ನಮ್ಮ ಉಸಿರು, ಮೈಬಿಸಿ, ಹೆಜ್ಜೆಯ ಅದುರು ಅದಕ್ಕೆ ತಿಳಿಯುತ್ತದೆ. ಕಚ್ಚುವಾಗ ಗೊತ್ತಾಗುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ, ಬಿಟ್ಟ ಮೇಲೂ ರಕ್ತ ಹನಿಯುತ್ತಿರುತ್ತದೆ. ಊರಿನವರು ಹೊಗೆಸೊಪ್ಪು, ಸುಣ್ಣ ಕಲಸಿ ಕಾಲಿಗೆ ಹಚ್ಚುತ್ತಾರೆ, ಕೆಲವರು ನಶ್ಯ ಹಚ್ಚುತ್ತಾರೆ. ಮೊಣಕಾಲಿನವರೆಗಿನ ಒತ್ತುನೇಯ್ಗೆಯ ಕಾಲುಚೀಲ ಇನ್ನೂ ಒಳ್ಳೆಯದು. ಕಚ್ಚಿಕೊಂಡದ್ದನ್ನು ಎಳೆಯಬೇಡಿ, ಬೆಂಕಿ ತಾಗಿಸಬೇಡಿ. ಸಣ್ಣ ತುದಿಯ ಪಕ್ಕಕ್ಕೆ ಉಗುರು ಒತ್ತಿ ಚರ್ಮದ ಉದ್ದಕ್ಕೆ ಜರುಗಿಸಿದರೆ ಹಿಡಿತ ಬಿಡುತ್ತದೆ. ತೊಳೆದು ಬಟ್ಟೆ ಒತ್ತಿ ಕಟ್ಟಿದರೆ ಸಾಕು. ಅದರಿಂದ ಸಾಮಾನ್ಯವಾಗಿ ಆಗುವ ಕಷ್ಟ ಒಂದೇ, ವಾರಗಟ್ಟಲೆ ತುರಿಕೆ.

ಹಾವಿನ ವಿಷಯಕ್ಕೆ ಕಾಳಿಂಗ ಸರ್ಪದಿಂದ ಶುರುಮಾಡುವುದು ರೂಢಿ. ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದೇ ಅದರ ದೆಸೆಯಿಂದ. ಆದರೆ ಕಾಳಿಂಗ ಮನುಷ್ಯನ ದಾರಿಯಿಂದ ತಾನೇ ಸರಿಯುವ ಜೀವ, ಅದು ಕಚ್ಚಿದ ಪ್ರಸಂಗಗಳು ತೀರಾ ಅಪರೂಪ. ಕಾಲಿನ ಬಳಿ ಎಚ್ಚರವಿರಬೇಕಾದದ್ದು ತರಗೆಲೆಯ ಬಣ್ಣದಲ್ಲೇ ತರಗೆಲೆಯೊಳಗೆ ಸುರುಳಿಸುತ್ತಿ ಮಲಗುವ ಗಿಡ್ಡ ಗುಳಿಮಂಡಲಗಳ ಬಗ್ಗೆ. ನಮ್ಮ ದೇಶದ ವಿಷನಿರೋಧಕ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು, ಗುಳಿಮಂಡಲದ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ರಕ್ತಸ್ರಾವ, ಮೂತ್ರಪಿಂಡದ ತೊಂದರೆಗಳನ್ನು ಅಲ್ಲಿಯೇ ಗಮನಿಸಿ ಚಿಕಿತ್ಸೆ ಕೊಡಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಮೂರೂ ಬೇಡ. ಉಂಗುರ, ಕಾಲ್ಗೆಜ್ಜೆ ತೆಗೆದು, ಕಾಲನ್ನು ಕೋಲಿಗೆ ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿ, ಆದಷ್ಟು ನಡೆಸದೆ ಹೊತ್ತೊಯ್ದು, 108ಕ್ಕೆ ಕರೆಮಾಡಿ. ಬಿದ್ದ ಮರವನ್ನು ದಾಟುವಾಗ ನೇರ ಆಚೆ ಕಾಲಿಡುವ ಬದಲು ಮರದ ಮೇಲೆ ಹತ್ತಿ, ಆಚೆ ನೋಡಿ ಇಳಿಯುವುದನ್ನು ರೂಢಿ ಮಾಡಿಕೊಂಡರೆ ಇದಾವುದರ ಅಗತ್ಯವೇ ಹೆಚ್ಚಾಗಿ ಬೀಳುವುದಿಲ್ಲ.

ಇಂಬಳ, ಹಾವುಗಳಿಗೆ ಹೆದರುವ ನಾವು ಎಳ್ಳುಕಾಳಿಗಿಂತ ಸಣ್ಣದಾದ ಒಂದು ಜೀವವನ್ನು ಗಮನಿಸುವುದೇ ಇಲ್ಲ. ಅದು ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಹಿಂದೆಯೇ ಜನರಿಗೂ ಜ್ವರ ಬಂದಾಗ ಪತ್ತೆಯಾದದ್ದು ಮಂಗನ ಕಾಯಿಲೆ. ಹರಡುವುದು ಉಣುಗು. ಡಿಸೆಂಬರಿನಿಂದ ಮೇವರೆಗೆ, ಅಂದರೆ ಕಾಡು ಒಣಗಿ ನಡಿಗೆಗೆ ಹಿತವೆನಿಸುವ ಕಾಲದಲ್ಲೇ, ಅದರ ಹಾವಳಿ. ಹಳೆಯ ಲಸಿಕೆಯ ಬಳಕೆ ನಿಂತಿದೆ. ತುಂಬುತೋಳಿನ ಅಂಗಿ, ಕಾಲುಚೀಲದೊಳಗೆ ಸಿಕ್ಕಿಸಿದ ಪ್ಯಾಂಟು, ಆರೋಗ್ಯ ಇಲಾಖೆ ಆ ಊರುಗಳಲ್ಲಿ ಹಂಚುವ ಡೆಪಾ ತೈಲ, ಇವೇ ಕಾವಲು. ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ ಕಂಕುಳು, ತೊಡೆಸಂದು, ಕಿವಿಯ ಹಿಂದೆ, ತಲೆಕೂದಲೊಳಗೆ ತಡಕಿ ನೋಡಬೇಕು. ಮಕ್ಕಳಿದ್ದರೆ ಅವರನ್ನು ನಾವೇ ನೋಡಬೇಕು. ಕಚ್ಚಿ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಮುರಿದು ಬರುವಂಥ ನೋವು. ಕೊಳೆನೀರಿನಲ್ಲಿ ಗಾಯದ ಕಾಲಿಟ್ಟವರಿಗೆ ಬರುವ ಇಲಿಜ್ವರವೂ ಹೆಚ್ಚಾಗಿ ಒಂದೆರಡು ವಾರ ಬಿಟ್ಟು ಹೀಗೆಯೇ ಆರಂಭವಾಗುತ್ತದೆ. ಅಷ್ಟರಲ್ಲಿ ನಾವು ನಮ್ಮ ಊರಿನಲ್ಲಿ, ಆಫೀಸಿನಲ್ಲಿ ಇರುತ್ತೇವೆ, ಕಾಡು ಮರೆತಿರುತ್ತದೆ. ವೈದ್ಯರೂ ಕೇಳುವುದಿಲ್ಲ. ಎರಡು ವಾರದೊಳಗೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆ, ಇಂಥ ತಾಲ್ಲೂಕಿಗೆ, ಇಂಥ ದಿನ ಎಂದು ಅವರು ಕೇಳುವ ಮೊದಲೇ ಹೇಳಿ.

ಇಷ್ಟೆಲ್ಲ ಸೇರಿಸಿ ನಾನು ಪ್ರತಿ ಸಲ ಒಂದು ಹಾಳೆ ಬರೆದು ಮನೆಯಲ್ಲಿ ಕೊಟ್ಟು ಹೋಗುತ್ತೇನೆ: ಎಲ್ಲಿಂದ ಎಲ್ಲಿಗೆ, ಯಾರು ಯಾರು, ಯಾವ ಗೇಟು, ಅಲ್ಲಿನ ವಲಯ ಅರಣ್ಯ ಕಚೇರಿಯ ನಂಬರು, ಇಳಿಯುವ ಅಂದಾಜು ಹೊತ್ತು. ಕೊನೆಯ ಸಾಲಿನಲ್ಲಿ, ಇಷ್ಟು ಗಂಟೆಯೊಳಗೆ ಫೋನು ಬರದಿದ್ದರೆ ಮೊದಲು ಆ ಕಚೇರಿಗೆ, ಆಮೇಲೆ 112ಕ್ಕೆ ಕರೆಮಾಡು ಎಂದು. ಹಳ್ಳ ಏರಿದ ಆ ದಿನ ಅಕ್ಕನ ಕೈಗೆ ಕೊಟ್ಟ ಹಾಳೆಯಲ್ಲಿ ಎಂಟು ಗಂಟೆ ಎಂದಿತ್ತು. ನಾವು ಗೌಡರ ಮನೆಯ ಅಂಗಳ ಮುಟ್ಟಿದಾಗ ಏಳು ದಾಟಿ ಹತ್ತು ನಿಮಿಷ. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ. ಅವರ ಮನೆಯ ಹಳೆಯ ಲ್ಯಾಂಡ್‌ಲೈನಿನಿಂದ ಕರೆಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಬಂದ್ಯಾ?" ಎಂದಳು. "ಇನ್ನೂ ಐವತ್ತು ನಿಮಿಷ ಇತ್ತು." ಅವಳ ಕೈಯಲ್ಲಿ ಹಾಳೆ ಮಡಚಿದ ಸದ್ದು ಫೋನಿನಲ್ಲಿ ಕೇಳಿಸಿತು.